ಅಂತರಜಾಲ ಸಂಪರ್ಕ ಎರಡು, ದಾರಿ ಒಂದೇ?

ಬಿಲ್ಲಿಂಗ್, ಇ-ವೇ ಬಿಲ್, ಬ್ಯಾಂಕ್ ಪಾವತಿ, ಆರ್ಡರುಗಳ ಸ್ವೀಕಾರ ಇವೆಲ್ಲವೂ ಅಂತರಜಾಲವನ್ನೇ ಅವಲಂಬಿಸಿರುವುದರಿಂದ ಸಂಪರ್ಕ ಕಡಿದರೆ ವಹಿವಾಟು ಸ್ಥಗಿತಗೊಳ್ಳುತ್ತದೆ. ಈ ಕಾರಣದಿಂದ ಅನೇಕ ವರ್ತಕರು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳು ಎರಡು ಕಂಪನಿಗಳಿಂದ ಸಂಪರ್ಕ ಪಡೆಯುತ್ತಾರೆ. ಆದರೆ ಎರಡು ಕಡೆ ಶುಲ್ಕ ಕಟ್ಟಿದ ಮಾತ್ರಕ್ಕೆ ಎರಡು ದಾರಿಗಳು ದೊರೆತಂತಾಗುವುದಿಲ್ಲ. ದಾರಿ ಬದಲಾದಾಗ ತಂತ್ರಾಂಶವು ಅದಕ್ಕೆ ಹೊಂದಿಕೊಳ್ಳುವುದೆಂಬ ಖಾತರಿಯೂ ಇಲ್ಲ.

ತಂತ್ರಾಂಶಕ್ಕೆ ದಾರಿ ತಿಳಿಯದು

ಲಾರಿ ಕಚೇರಿಯಲ್ಲಿ ಸರಕು ಒಪ್ಪಿಸುವ ವರ್ತಕನು ತಲುಪಬೇಕಾದ ವಿಳಾಸವನ್ನಷ್ಟೇ ಬರೆಯುತ್ತಾನೆ. ಯಾವ ಊರಿನ ಮೂಲಕ ಸಾಗಬೇಕೆಂಬುದು ಲಾರಿ ಕಚೇರಿಗೆ ಬಿಟ್ಟ ವಿಷಯ. ಗಣಕಯಂತ್ರದ ತಂತ್ರಾಂಶವೂ ಹೀಗೆಯೇ ವರ್ತಿಸುತ್ತದೆ. ಮೊದಲು ಡಿಎನ್‌ಎಸ್ ವ್ಯವಸ್ಥೆಯನ್ನು ಕೇಳಿ ಜಾಲತಾಣದ ಹೆಸರಿಗೆ ತಕ್ಕ ಸಂಖ್ಯಾ ವಿಳಾಸವನ್ನು ಪಡೆಯುತ್ತದೆ. ಬಳಿಕ ಮಾಹಿತಿಯನ್ನು ಸಣ್ಣ ಪ್ಯಾಕೆಟ್‌ಗಳನ್ನಾಗಿ ವಿಂಗಡಿಸಿ ಕಚೇರಿಯ ರೂಟರ್‌ಗೆ ಒಪ್ಪಿಸುತ್ತದೆ. ಅಲ್ಲಿಂದ ಮುಂದೆ ಪ್ರತಿಯೊಂದು ರೂಟರ್ ತನ್ನಲ್ಲಿರುವ ಪಟ್ಟಿಯನ್ನು ನೋಡಿ ಮುಂದಿನ ಹೆಜ್ಜೆಯನ್ನು ನಿರ್ಧರಿಸುತ್ತದೆ. ತಮ್ಮ ಮೂಲಕ ಯಾವ ವಿಳಾಸಗಳನ್ನು ತಲುಪಬಹುದೆಂದು ಸಂಪರ್ಕ ಕಂಪನಿಗಳು ಪರಸ್ಪರ ತಿಳಿಸಲು ಬಳಸುವ ನಿಯಮಾವಳಿಗೆ ಬಿಜಿಪಿ ಎಂದು ಹೆಸರು. 1989ರಲ್ಲಿ ಮೊದಲು ಪ್ರಕಟವಾದ ಈ ನಿಯಮಾವಳಿಯು ಬಹುಮಟ್ಟಿಗೆ ಪರಸ್ಪರ ನಂಬಿಕೆಯ ಮೇಲೆ ನಿಂತಿದೆ.

ಮೂರು ಪ್ರಸಂಗಗಳು

2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಸೀ-ಮೀ-ವೀ 4 ಹಾಗೂ ಫ್ಲ್ಯಾಗ್ ಎಂಬ ಎರಡು ಸಮುದ್ರದಾಳದ ಕೇಬಲ್‌ಗಳು ಹಾನಿಗೊಂಡು ಭಾರತದ ಅಂತರಜಾಲ ಸೇವೆಗೆ ತೀವ್ರ ಧಕ್ಕೆಯುಂಟಾಯಿತು. ಕೇಬಲ್‌ಗಳು ಬೇರೆಯಾಗಿದ್ದರೂ ಅವು ಸಾಗುವ ಪ್ರದೇಶ ಒಂದೇ ಆಗಿತ್ತು.

ಅದೇ ವರ್ಷ ಫೆಬ್ರವರಿ 24ರಂದು ಪಾಕಿಸ್ತಾನ್ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬನ್ನು ತಡೆಯಲು ಹೊರಡಿಸಿದ ದಾರಿಯ ಸೂಚನೆಯು ಹೊರದೇಶಗಳಿಗೂ ಹರಡಿತು. ಹೆಚ್ಚು ನಿರ್ದಿಷ್ಟವಾದ ಸೂಚನೆಗೆ ರೂಟರ್‌ಗಳು ಆದ್ಯತೆ ನೀಡುವುದರಿಂದ ಸುಮಾರು ಎರಡು ಗಂಟೆಗಳ ಕಾಲ ಜಗತ್ತಿನ ಬಹುಭಾಗದಲ್ಲಿ ಯೂಟ್ಯೂಬ್ ದೊರೆಯಲಿಲ್ಲ.

2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸಂಸ್ಥೆಯ ನಿರ್ವಹಣಾ ಕಾರ್ಯದಲ್ಲಿ ನೀಡಲಾದ ಒಂದು ಆದೇಶದಿಂದ ಅದರ ದತ್ತಾಂಶ ಕೇಂದ್ರಗಳ ನಡುವಣ ಸಂಪರ್ಕ ಕಡಿಯಿತು. ಅದರ ಬೆನ್ನಲ್ಲೇ ಸಂಸ್ಥೆಯ ಡಿಎನ್‌ಎಸ್ ಸರ್ವರ್‌ಗಳನ್ನು ತಲುಪುವ ದಾರಿಯ ಸೂಚನೆಗಳು ತಾವಾಗಿಯೇ ಹಿಂದೆ ಸರಿದವು. ಭಾರತದಲ್ಲಿ ರಾತ್ರಿ ಒಂಬತ್ತರ ನಂತರ ಆರಂಭವಾದ ಈ ಅಡಚಣೆಯಿಂದ ವಾಟ್ಸ್‌ಆ್ಯಪ್ ಸುಮಾರು ಆರು ಗಂಟೆ ಸ್ಥಗಿತಗೊಂಡಿತು. ಉತ್ತರ ದೊರೆಯದ ತಂತ್ರಾಂಶಗಳು ಮತ್ತೆ ಮತ್ತೆ ವಿಳಾಸ ಕೇಳತೊಡಗಿದ್ದರಿಂದ ಡಿಎನ್‌ಎಸ್ ಸರ್ವರ್‌ಗಳಿಗೆ ಸಾಮಾನ್ಯಕ್ಕಿಂತ 30 ಪಟ್ಟು ಹೆಚ್ಚು ಪ್ರಶ್ನೆಗಳು ಬಂದವೆಂದು ಕ್ಲೌಡ್‌ಫ್ಲೇರ್ ಕಂಪನಿ ತಿಳಿಸಿತು. ಇಂತಹ ಸಂದರ್ಭದಲ್ಲಿ ಎರಡನೆಯ ಸಂಪರ್ಕವೂ ನೆರವಾಗದು. ಆರ್ಡರು ಪಡೆಯಲು ದೂರವಾಣಿ, ಇ-ಮೇಲ್‌ನಂತಹ ಇನ್ನೊಂದು ಮಾಧ್ಯಮವೂ ಇರಬೇಕು.

ದಾರಿ ಬದಲಾದಾಗ

ಮೊದಲ ಸಂಪರ್ಕ ಕಡಿದು ರೂಟರ್ ಎರಡನೆಯದಕ್ಕೆ ಬದಲಾಯಿಸಿದಾಗ ಕಚೇರಿಯ ಹೊರವಿಳಾಸವೂ ಸಾಮಾನ್ಯವಾಗಿ ಬದಲಾಗುತ್ತದೆ. ಆಗ ನಡೆಯುತ್ತಿದ್ದ ಸಂವಹನ ತುಂಡಾಗಿ, ತಂತ್ರಾಂಶವು ಹೊಸದಾಗಿ ಸಂಪರ್ಕ ಬೆಳೆಸಬೇಕಾಗುತ್ತದೆ. ಒಂದೇ ಸ್ಥಿರ ವಿಳಾಸವನ್ನು ನೋಂದಾಯಿಸಿಕೊಂಡ ಸರ್ವರ್ ಹೊಸ ವಿಳಾಸವನ್ನು ನಿರಾಕರಿಸುತ್ತದೆ. ಇದಕ್ಕಿಂತ ಗಂಭೀರವಾದುದು ಪಾವತಿಯ ಪ್ರಶ್ನೆ. ಕೋರಿಕೆ ಬ್ಯಾಂಕನ್ನು ತಲುಪಿ, ಉತ್ತರವಷ್ಟೇ ದಾರಿಯಲ್ಲಿ ಕಳೆದುಹೋಗಿರಬಹುದು. ಪರದೆಯ ಮೇಲೆ ವಿಫಲವೆಂದು ಕಂಡದ್ದನ್ನು ನಂಬಿ ಮತ್ತೊಮ್ಮೆ ಕಳುಹಿಸಿದರೆ ಒಂದೇ ಬಿಲ್ಲಿಗೆ ಎರಡು ಬಾರಿ ಹಣ ಸಂದಾಯವಾಗುವ ಸಂಭವವಿದೆ.

ಕೈಗೊಳ್ಳಬೇಕಾದ ಕ್ರಮಗಳು

1. ಎರಡೂ ಕಂಪನಿಗಳ ತಂತಿಗಳು ಒಂದೇ ಕಂಬದ ಮೇಲೆ ಅಥವಾ ಒಂದೇ ಕೊಳವೆಯಲ್ಲಿ ಬರುತ್ತಿವೆಯೇ ಎಂದು ವಿಚಾರಿಸಬೇಕು. ಒಂದು ತಂತಿ, ಇನ್ನೊಂದು ನಿಸ್ತಂತು ಸಂಪರ್ಕವಾಗಿದ್ದರೆ ಮೇಲು.

2. ಟ್ರೇಸ್‌ರೂಟ್ ಪರೀಕ್ಷೆಯಿಂದ ಎರಡೂ ಸಂಪರ್ಕಗಳ ದಾರಿಯನ್ನು ತಂತ್ರಜ್ಞರ ಮೂಲಕ ಹೋಲಿಸಿ ನೋಡಬೇಕು.

3. ಸ್ಥಿರ ವಿಳಾಸ ಕೇಳುವ ಸೇವೆಗಳಲ್ಲಿ ಎರಡೂ ಸಂಪರ್ಕಗಳ ವಿಳಾಸಗಳನ್ನು ನೋಂದಾಯಿಸಬೇಕು.

4. ಪಾವತಿ ನಡುವೆ ನಿಂತರೆ ಖಾತೆಯ ವಿವರ ಹಾಗೂ ವಹಿವಾಟಿನ ಸಂಖ್ಯೆಯನ್ನು ಪರಿಶೀಲಿಸಿದ ನಂತರವೇ ಪುನಃ ಯತ್ನಿಸುವಂತೆ ಸಿಬ್ಬಂದಿಗೆ ಸೂಚಿಸಬೇಕು.

5. ರೂಟರ್ ಹಾಗೂ ಮೋಡೆಮ್‌ಗಳಿಗೆ ಯುಪಿಎಸ್ ಒದಗಿಸಿ, ತಿಂಗಳಿಗೊಮ್ಮೆ ವಹಿವಾಟಿಲ್ಲದ ವೇಳೆಯಲ್ಲಿ ಮೊದಲ ಸಂಪರ್ಕವನ್ನು ಕಿತ್ತು ಎರಡನೆಯದನ್ನು ಪರೀಕ್ಷಿಸಬೇಕು.

ಸಂಪರ್ಕ ಕೊಳ್ಳುವಾಗ ವೇಗ ಮತ್ತು ದರಗಳನ್ನು ವಿಚಾರಿಸುವ ವರ್ತಕರು ಅದು ಸಾಗುವ ದಾರಿಯನ್ನೂ ವಿಚಾರಿಸುವುದು ಹಿತಕರ.