ಇರುಳಿನ ಹಾರಾಟವೂ ದಿಗ್ಭ್ರಮೆಯೂ

ಹಗಲಿನಲ್ಲಿ ವಿಮಾನವನ್ನು ನಡೆಸಬಲ್ಲವನು ಇರುಳಿನಲ್ಲಿಯೂ ನಡೆಸಬಲ್ಲನೆಂದು ಭಾವಿಸುವುದು ಸಹಜವೇ ಸರಿ. ಯಂತ್ರವು ಅದೇ, ರೆಕ್ಕೆಗಳನ್ನು ಎತ್ತಿ ಹಿಡಿಯುವ ಗಾಳಿಯೂ ಅದೇ. ಸೂರ್ಯನು ಮುಳುಗಿದ ಮಾತ್ರಕ್ಕೆ ಎಂಜಿನ್ನಿಗೆ ಆಯಾಸವಾಗುವುದಿಲ್ಲ. ಬದಲಾವಣೆಯಾಗುವುದು ಆಸನದಲ್ಲಿ ಕುಳಿತ ಮನುಷ್ಯನಲ್ಲಿ. ಈ ಕಾರಣದಿಂದಲೇ, ಜೀವನೋಪಾಯಕ್ಕಾಗಿಯಲ್ಲದೆ ಸ್ವಂತ ಸಂತೋಷಕ್ಕಾಗಿ ಲಘು ವಿಮಾನವನ್ನು ನಡೆಸುವ ಖಾಸಗಿ ವೈಮಾನಿಕರಿಗೂ ಅನೇಕ ರಾಷ್ಟ್ರಗಳು ರಾತ್ರಿಯ ಹಾರಾಟದ ಶಿಕ್ಷಣವನ್ನು ಪ್ರತ್ಯೇಕವಾಗಿ ವಿಧಿಸಿವೆ. ಅಮೇರಿಕಾದಲ್ಲಿ ಇಂತಹ ಅಭ್ಯರ್ಥಿಯು ಕನಿಷ್ಠ 3 ಗಂಟೆಗಳ ರಾತ್ರಿ ಶಿಕ್ಷಣವನ್ನು ಪಡೆದು, 10 ಸಲ ಮೇಲೇರಿ 10 ಸಲ ಇಳಿದು, ಒಟ್ಟು 100 ನಾಟಿಕಲ್ ಮೈಲಿಗಳನ್ನು ಮೀರಿದ ಒಂದು ರಾತ್ರಿ ಪ್ರಯಾಣವನ್ನೂ ಪೂರೈಸಬೇಕು.

ಮೊದಲನೆಯ ಪಾಠವು ನೆಲದ ಮೇಲೆಯೇ ಆರಂಭವಾಗುತ್ತದೆ. ಬೆಳಕಿನಿಂದ ಕತ್ತಲೆಗೆ ಬಂದ ಕಣ್ಣು ಚೆನ್ನಾಗಿ ಒಗ್ಗಿಕೊಳ್ಳಲು ಸುಮಾರು 30 ನಿಮಿಷಗಳು ಬೇಕು. ಪ್ರಖರವಾದ ದೀಪವನ್ನು ಕ್ಷಣಕಾಲ ನೋಡಿದರೂ ಆ ಸಿದ್ಧತೆಯು ಕೆಟ್ಟುಹೋಗುವುದು. ಮಂದವಾದ ಬೆಳಕನ್ನು ಗ್ರಹಿಸುವ ಕಣಗಳು ಅಕ್ಷಿಪಟಲದ ನಟ್ಟನಡುವೆ ಇಲ್ಲದಿರುವುದರಿಂದ, ಕತ್ತಲೆಯಲ್ಲಿ ಕಾಣಬೇಕಾದುದನ್ನು ನೇರವಾಗಿ ದಿಟ್ಟಿಸದೆ ತುಸು ಪಕ್ಕಕ್ಕೆ ದೃಷ್ಟಿಯಿಟ್ಟು ಕಾಣಬೇಕು. ಪ್ರತಿಯೊಂದು ವಿಮಾನದ ಎಡರೆಕ್ಕೆಯ ತುದಿಯಲ್ಲಿ ಕೆಂಪು ದೀಪವೂ ಬಲರೆಕ್ಕೆಯ ತುದಿಯಲ್ಲಿ ಹಸಿರು ದೀಪವೂ ಇರುವುವಷ್ಟೆ. ಮುಂದೆ ಕಾಣುವ ವಿಮಾನದ ಕೆಂಪು ದೀಪವು ನಮ್ಮ ಬಲಕ್ಕೂ ಹಸಿರು ನಮ್ಮ ಎಡಕ್ಕೂ ತೋರಿದರೆ ಅದು ನಮ್ಮೆದುರಿಗೇ ಬರುತ್ತಿದೆಯೆಂದು ತಿಳಿಯಬೇಕು.

ಎರಡನೆಯ ಪಾಠವು ಇಳಿಯುವುದಕ್ಕೆ ಸಂಬಂಧಿಸಿದ್ದು. 1921ರ ಫೆಬ್ರವರಿ 22ರ ರಾತ್ರಿ ಅಮೇರಿಕಾದ ಅಂಚೆ ವೈಮಾನಿಕ ಜ್ಯಾಕ್ ನೈಟ್ ಎಂಬಾತನು ನಾರ್ತ್ ಪ್ಲಾಟ್‌ನಿಂದ ಷಿಕಾಗೋವಿಗೆ ಹಾರಿದಾಗ ಅವನಿಗೆ ದಾರಿ ತೋರಿಸಲು ಅಂಚೆಯ ನೌಕರರೂ ರೈತರೂ ಅಲ್ಲಲ್ಲಿ ಬೆಂಕಿಯನ್ನು ಹೊತ್ತಿಸಬೇಕಾಯಿತು. ಇಂದಾದರೋ ಆ ದೇಶದ ಅನೇಕ ಸಣ್ಣ ನಿಲ್ದಾಣಗಳಲ್ಲಿ ವೈಮಾನಿಕನು ರೇಡಿಯೋದ ಗುಂಡಿಯನ್ನು 5 ಸೆಕೆಂಡುಗಳೊಳಗೆ 7 ಸಲ ಒತ್ತಿದನೆಂದರೆ ರನ್‌ವೇಯ ದೀಪಗಳು ತಾವಾಗಿಯೇ ಹೊತ್ತಿಕೊಳ್ಳುವುವು. ಅಂಚುಗಳಲ್ಲಿ ಬಿಳಿ, ಆರಂಭದಲ್ಲಿ ಹಸಿರು, ಕೊನೆಯಲ್ಲಿ ಕೆಂಪು. ಹಲವೆಡೆ ಪಕ್ಕದಲ್ಲಿ 4 ದೀಪಗಳ ಸಾಲೊಂದಿರುವುದು: ಎರಡು ಬಿಳಿ ಎರಡು ಕೆಂಪಾಗಿ ಕಂಡರೆ ಎತ್ತರವು ಸರಿ, ನಾಲ್ಕೂ ಬಿಳಿಯಾದರೆ ಅತಿ ಮೇಲೆ, ನಾಲ್ಕೂ ಕೆಂಪಾದರೆ ಅತಿ ಕೆಳಗೆ. ಇಂತಹ ಗುರುತು ಅತ್ಯವಶ್ಯಕ. ಕಾಡು ಅಥವಾ ನೀರಿನ ಮೇಲಿನಿಂದ ಬರುವಾಗ ನಡುವೆ ಒಂದು ದೀಪವೂ ಕಾಣದೆ ರನ್‌ವೇ ಮಾತ್ರ ಹೊಳೆಯುತ್ತಿದ್ದರೆ, ತಾನು ಇರುವುದಕ್ಕಿಂತ ಮೇಲಿರುವೆನೆಂಬ ಭ್ರಮೆಯುಂಟಾಗಿ ವೈಮಾನಿಕನು ರನ್‌ವೇಯನ್ನು ಮುಟ್ಟುವ ಮೊದಲೇ ನೆಲಕ್ಕಿಳಿದುಬಿಡುವ ಅಪಾಯವುಂಟು.

ಹೀಗೆ ದೀಪಗಳು ಬೆಳೆದಿವೆ. ಆದರೆ ಮನುಷ್ಯನ ಕಿವಿಯು ಬೆಳೆದಿಲ್ಲ. ದಿಗ್ಭ್ರಮೆಯೆಂಬ ಮಾತನ್ನು ನಾವು ಅತ್ಯಾಶ್ಚರ್ಯಕ್ಕೆ ಬಳಸುತ್ತೇವೆ. ವೈಮಾನಿಕನಿಗಾದರೆ ಅದು ಅಕ್ಷರಶಃ ಒದಗುವ ವಿಪತ್ತು. ಒಳಗಿವಿಯ ಸಣ್ಣ ನಾಳಗಳಲ್ಲಿರುವ ದ್ರವದ ಚಲನೆಯಿಂದ ನಾವು ತಿರುಗುವುದನ್ನು ಅರಿಯುತ್ತೇವೆ. ಒಂದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ ಸ್ವಲ್ಪ ಹೊತ್ತಿನಲ್ಲಿ ಆ ದ್ರವವೂ ಜೊತೆಗೂಡಿ ತಿರುಗುವುದರಿಂದ, ನೇರವಾಗಿಯೇ ಹೋಗುತ್ತಿರುವಂತೆ ತೋರುವುದು. ದಿಗಂತವು ಕಾಣುವಾಗ ಕಣ್ಣು ಈ ತಪ್ಪನ್ನು ತಿದ್ದುತ್ತದೆ. ದಿಗಂತವಿಲ್ಲದ ಇರುಳಿನಲ್ಲಿ ತಿದ್ದುವವರು ಯಾರು? ವಾಲಿ ಸುತ್ತುವ ವಿಮಾನವು ಕೆಳಗಿಳಿಯತೊಡಗಲು, ಅದನ್ನು ತಡೆಯುವುದಕ್ಕೆ ಮೂತಿಯನ್ನು ಮೇಲಕ್ಕೆಳೆದರೆ ಸುತ್ತು ಮತ್ತಷ್ಟು ಬಿಗಿಯಾಗುವುದು. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದ ಪರೀಕ್ಷೆಯಲ್ಲಿ ಉಪಕರಣಗಳ ಅಭ್ಯಾಸವಿಲ್ಲದ 20 ಮಂದಿ ವೈಮಾನಿಕರಿಗೆ ಹೊರಗಿನ ನೋಟವನ್ನು ಮರೆಮಾಡಲಾಯಿತು. ಇಪ್ಪತ್ತು ಮಂದಿಯೂ ಹಿಡಿತ ತಪ್ಪಿದರು. ಅದಕ್ಕೆ ತಗಲಿದ ಕಾಲವು ಸರಾಸರಿ 178 ಸೆಕೆಂಡುಗಳು.

1999ರ ಜುಲೈ 16ರ ರಾತ್ರಿ ಅಧ್ಯಕ್ಷ ಕೆನೆಡಿಯವರ ಪುತ್ರ ಕಿರಿಯ ಜಾನ್ ಕೆನೆಡಿಯವರು ಪತ್ನಿಯನ್ನೂ ಆಕೆಯ ಸೋದರಿಯನ್ನೂ ಕರೆದುಕೊಂಡು ತಮ್ಮ ವಿಮಾನವನ್ನು ತಾವೇ ನಡೆಸುತ್ತ ಮಾರ್ಥಾಸ್ ವಿನ್ಯಾರ್ಡ್ ದ್ವೀಪದ ಕಡೆಗೆ ಹೊರಟರು. ಮಬ್ಬು ಕವಿದ ಕಡಲಿನ ಮೇಲೆ ವಿಮಾನವು ಹಿಡಿತ ತಪ್ಪಿ ನೀರಿಗೆ ಬಿದ್ದು ಮೂವರೂ ಮಡಿದರು. ವಿಚಾರಣೆಯಲ್ಲಿ ಯಂತ್ರದ ದೋಷವೇನೂ ಕಂಡುಬರಲಿಲ್ಲ. ದಿಗ್ಭ್ರಮೆಯೇ ಕಾರಣವೆಂದು ನಿರ್ಣಯವಾಯಿತು.

ಈ ವಿಪತ್ತಿಗೆ ಪ್ರತಿವಿಧಾನವನ್ನು ಕಲಿಸುವ ಕ್ರಮವು ಸ್ವಾರಸ್ಯವಾದುದು. ಶಿಷ್ಯನು ಕಣ್ಮುಚ್ಚಿ ತಲೆ ತಗ್ಗಿಸಿ ಕುಳಿತಿರಲು ಗುರುವು ವಿಮಾನವನ್ನು ಅತ್ತಿತ್ತ ವಾಲಿಸಿ, ತಿರುಗಿಸಿ, ಇನ್ನು ನಿನ್ನದೆಂದು ಬಿಟ್ಟುಕೊಡುತ್ತಾನೆ. ಕಣ್ದೆರೆದ ಶಿಷ್ಯನಿಗೆ ಮೈಯೆಲ್ಲ ಒಂದು ಹೇಳಿದರೆ ಎದುರಿನ ಕೃತಕ ದಿಗಂತವು ಇನ್ನೊಂದನ್ನು ಹೇಳುವುದು. ಆಗ ಅವನು ಹುಟ್ಟಿದಂದಿನಿಂದ ನಂಬಿದ ತನ್ನ ಮೈಯನ್ನು ನಂಬದೆ ಅಂಗೈಯಗಲದ ಆ ಉಪಕರಣವನ್ನು ನಂಬಬೇಕು. ನಂಬುವುದು ಸುಲಭವಲ್ಲ, ಅಭ್ಯಾಸದಿಂದಲೇ ಸಾಧ್ಯ.

ಆ ಅಭ್ಯಾಸವು ತುಕ್ಕು ಹಿಡಿಯುವುದೆಂಬುದನ್ನೂ ಕಾನೂನು ಬಲ್ಲದು. ಹಿಂದಿನ 90 ದಿನಗಳಲ್ಲಿ ರಾತ್ರಿಯ ಹೊತ್ತು 3 ಸಲ ಮೇಲೇರಿ ಇಳಿಯದಿದ್ದವನು ಅಮೇರಿಕಾದಲ್ಲಿ ರಾತ್ರಿ ಯಾರನ್ನೂ ಜೊತೆಗೆ ಕರೆದೊಯ್ಯುವಂತಿಲ್ಲ. ಹಾರುವ ಕೌಶಲಕ್ಕೆ ಪರವಾನಗಿಯನ್ನು ಸರ್ಕಾರವು ಕೊಡಬಲ್ಲದು. ಮಬ್ಬು ಕವಿದ ಸಂಜೆ ಕೀಲಿಕೈಯನ್ನು ಜೇಬಿನಲ್ಲಿಯೇ ಉಳಿಸಿಕೊಂಡು ನಾಳೆ ಬೆಳಗ್ಗೆ ಹೊರಡೋಣವೆನ್ನುವ ವಿವೇಕವನ್ನು ವೈಮಾನಿಕನು ತಾನೇ ಸಂಪಾದಿಸಿಕೊಳ್ಳಬೇಕು. ಇರುಳಿನ ಆಕಾಶದಲ್ಲಿ ಈ ಎರಡನೆಯದರ ಬೆಲೆಯೇ ಹೆಚ್ಚಿನದು.