ಮನೆಯ ರೊಬಸ್ಟಾ, ಸೀಸೆಯ ಕೆನೆ

ನೂಲ್ಪುಳದ ಕಡೆ ಮನೆಮನೆಗೂ ಕಾಫಿ ಗಿಡವುಂಟು. ಆದರೆ ನೆಂಟರು ಬಂದರೆ ಅಂಗಡಿಯ ಪುಡಿಯನ್ನೇ ಕಲಸಿ ಕೊಡುತ್ತೇವೆ. ನಮ್ಮ ಉಂಡೆ ಕಾಫಿಯೆಲ್ಲ ಅಷ್ಟರಲ್ಲಿ ವ್ಯಾಪಾರಿಯ ಚೀಲ ಸೇರಿರುತ್ತದೆ. ನನ್ನ ಮನೆಯಲ್ಲಿಯೂ ಕಳೆದ ಆಷಾಢದವರೆಗೆ ಇದೇ ರೂಢಿಯಿತ್ತು.

ಆ ಮಳೆಯಲ್ಲಿ ಗುಂಡ್ಲುಪೇಟೆಯ ಭಾವ ಬಂದರು. ಬತ್ತೇರಿಯ ಸರಕಾರಿ ಮದ್ಯದಂಗಡಿಯಿಂದ ಕ್ರೀಮ್ ಲಿಕರಿನ ಸೀಸೆಯೊಂದನ್ನು ಹಿಡಿದು ತಂದಿದ್ದರು. ಹಾಲಿನ ಕೆನೆ, ವಿಸ್ಕಿ, ಸಕ್ಕರೆ ಬೆರೆಸಿದ ಸಿಹಿ ಮದ್ಯವಿದು. 1974ರಲ್ಲಿ ಐರ್ಲೆಂಡಿನಲ್ಲಿ ಹೊರಬಂದ ಬೇಲೀಸ್ ಈ ಬಗೆಯಲ್ಲಿ ಹೆಸರಾದದ್ದು. ಅದರಲ್ಲಿ ಮದ್ಯಸಾರ ನೂರಕ್ಕೆ 17 ಪಾಲು. ಬಿಸಿ ಕಾಫಿಗೆ ಬೆರೆಸಿ ಕುಡಿಯೋಣವೆಂದರು ಭಾವ. ನಾನು ಬೆಳಗಿನ ಡಿಕಾಕ್ಷನ್ನನ್ನೇ ಕುದಿಸಿ ಸುರಿದೆ. ಕೂಡಲೇ ಕೆನೆ ಚೂರುಚೂರಾಗಿ ತೇಲಿತು. "ಒಡೆದ ಹಾಲಿಗೆ ಇಷ್ಟು ದುಡ್ಡೇನ್ರೀ?" ಎಂದಳು ಮನೆಯವಳು.

ತಪ್ಪು ನನ್ನದೇ. ಇಟ್ಟು ಕಾಯಿಸಿದ ಡಿಕಾಕ್ಷನ್ನಿನಲ್ಲಿ ಹುಳಿ ಹೆಚ್ಚುವುದು. ಹುಳಿಯೂ ಕುದಿಯುವ ಬಿಸಿಯೂ ಸೇರಿದರೆ ಕೆನೆ ಒಡೆಯುವುದು ಸಹಜ. ಎರಡನೆಯ ಸಲ ಅಟ್ಟದ ಮೇಲಿದ್ದ ನಮ್ಮ ಬೀಜವನ್ನೇ ಇಳಿಸಿದೆ. ಸಿಪ್ಪೆ ಬಿಡಿಸಿದ ಬೀಜವನ್ನು ದಪ್ಪ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ, ಕೈಬಿಡದೆ ಆಡಿಸುತ್ತ ಹುರಿಯಬೇಕು. ಚಟಪಟ ಸದ್ದಾಗಿ ಗಾಢ ಕಂದು ಬಣ್ಣ ಬಂದೊಡನೆ ಮೊರಕ್ಕೆ ಸುರಿದು ಆರಿಸಿರಿ. ಕರಿಯಾಗಲು ಬಿಟ್ಟರೆ ಇದ್ದಿಲಿನ ರುಚಿ. ಒಂದು ದಿನ ಬಿಟ್ಟು ಪುಡಿ ಮಾಡಿದರೆ ಒಳ್ಳೆಯದು. ನಾವು ಮಾತ್ರ ಅಷ್ಟು ಕಾಯಲಿಲ್ಲ!

ಇಬ್ಬರಿಗೆ ನಾಲ್ಕು ದೊಡ್ಡ ಚಮಚ ಪುಡಿಯನ್ನು ಫಿಲ್ಟರಿಗೆ ಹಾಕಿ ಒಂದು ಲೋಟ ಬಿಸಿನೀರು ಹೊಯ್ಯಿರಿ. ಲೋಟಗಳನ್ನು ಮೊದಲೇ ಬಿಸಿನೀರಿನಿಂದ ಬೆಚ್ಚಗೆ ಮಾಡಿಡಿರಿ. ಒಂದೊಂದಕ್ಕೆ 30 ಮಿಲಿಲೀಟರ್ ಲಿಕರ್ ಹಾಕಿ, ಅದಕ್ಕೆ ಎರಡು ಚಮಚ ಡಿಕಾಕ್ಷನ್ ಬೆರೆಸಿ ಕಲಕಿ, ಆಮೇಲೆ ಉಳಿದದ್ದನ್ನು ನಿಧಾನವಾಗಿ ಹೊಯ್ಯತಕ್ಕದ್ದು. ಡಿಕಾಕ್ಷನ್ ಬಿಸಿಯಿರಲಿ, ಕುದಿಯುತ್ತಿರಬಾರದು. ಬೆರೆಸಿದ ಮೇಲೆ ಒಲೆಗೆ ಇಡಬೇಡಿರಿ. ಸಕ್ಕರೆಯ ಅಗತ್ಯವೇ ಇಲ್ಲ.

ಇಲ್ಲಿಯೇ ನಮ್ಮ ರೊಬಸ್ಟಾದ ಗುಣ ತಿಳಿದುಬಂದದ್ದು. ಅರೇಬಿಕಾಕ್ಕಿಂತ ಇದಕ್ಕೆ ಹುಳಿ ಕಡಿಮೆ, ಕಹಿ ಹೆಚ್ಚು, ಕೆಫೀನು ಸುಮಾರು ಇಮ್ಮಡಿ. ಅಷ್ಟು ಸಿಹಿಯ ಕೆಳಗೂ ಕಾಫಿಯ ರುಚಿ ಅಡಗದು. 2019ರಲ್ಲಿ ವಯನಾಡು ರೊಬಸ್ಟಾಕ್ಕೆ ಭೌಗೋಳಿಕ ಸೂಚಿಕೆ ದೊರೆತಾಗ ಪತ್ರಿಕೆಯಲ್ಲಿ ಓದಿ ಮಡಿಸಿಟ್ಟಿದ್ದೆ. ನಾಲಗೆಗೆ ಅರ್ಥವಾದದ್ದು ಆ ರಾತ್ರಿ. ಈ ವರ್ಷ ಹತ್ತು ಕಿಲೋ ಬೀಜ ಮನೆಗೆಂದೇ ತೆಗೆದಿರಿಸಿದ್ದೇನೆ.

ಮದ್ಯ ಮುಟ್ಟದವರು ಅದೇ ಡಿಕಾಕ್ಷನ್ನಿಗೆ ಎರಡು ಚಮಚ ಹೊಸ ಕೆನೆ, ಸಕ್ಕರೆ, ಒಂದು ಏಲಕ್ಕಿ ಹಾಕಿ ಕುಡಿಯಲಿ. ಮನೆಯವಳು ಅದನ್ನೇ ಮೆಚ್ಚಿದಳು. ಸೀಸೆಯನ್ನು ಗಡಿಯಾಚೆಯಿಂದ ತರುವ ಸಾಹಸ ಬೇಡ. ಮುತ್ತಂಗದಲ್ಲಿ ಅಬಕಾರಿ ತನಿಖಾ ಠಾಣೆಯುಂಟು. ಕೇರಳದಲ್ಲಿ 23 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ.

ಕಾಫಿ ಕುಡಿದರೆ ಅಮಲು ಇಳಿಯುವುದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದು ಸುಳ್ಳು. ಕಾಫಿ ನಿದ್ದೆಯನ್ನು ದೂಡುವುದೇ ಹೊರತು ಅಮಲನ್ನು ಇಳಿಸದು. ಎಚ್ಚರವಿದ್ದೇನೆಂಬ ಧೈರ್ಯದಲ್ಲಿ ಆನೆ ನಿಂತ ದಾರಿಗೆ ಬೈಕು ಇಳಿಸುವವರು ಇದನ್ನು ತಿಳಿದಿರಬೇಕು. ಭಾವನವರೂ ಎಂಟು ಗಂಟೆಗೆ ಹೊರಟು ನಿಂತರು. ಬಂಡೀಪುರದ ರಸ್ತೆ 2009ರಿಂದ ರಾತ್ರಿ 9ಕ್ಕೆ ಮುಚ್ಚುತ್ತದೆ, ಅಷ್ಟರೊಳಗೆ ದಾಟುವೆನೆಂದು ಅವರ ಹಟ. ಕೀಲಿಕೈಯನ್ನು ನಾನು ಅಕ್ಕಿಯ ಡಬ್ಬಿಯಲ್ಲಿ ಇಟ್ಟಿದ್ದೆ. ಬೆಳಿಗ್ಗೆ ಬರಿಯ ಕಾಫಿ ಕುಡಿಸಿ ಕಳುಹಿಸಿದೆ.