ಬಿಚ್ಚಲೆಂದೇ ಕಟ್ಟುವ ಆಸರೆ

ನಂದಿನಿ ಲೇಔಟ್‌ನ ಅಡ್ಡರಸ್ತೆಗಳಲ್ಲಿ ಮನೆಯ ಮೇಲೆ ಇನ್ನೊಂದು ಮಹಡಿ ಏಳುವಾಗ ಸುತ್ತ ಸಾರುವೆ ಕಟ್ಟುತ್ತಾರೆ, ಗೋಡೆ ಗಟ್ಟಿಯಾಗಿ ಗಾರೆ ಕೆಲಸ ಮುಗಿದ ಮೇಲೆ ಬಿಚ್ಚುತ್ತಾರೆ. ಕಲಿಯುವ ಮಗುವಿಗೆ ಕೊಡುವ ನೆರವಿಗೂ ಇದೇ ಹೆಸರಿಟ್ಟವರು ಡೇವಿಡ್ ವುಡ್, ಜೆರೋಮ್ ಬ್ರೂನರ್ ಮತ್ತು ಗೇಲ್ ರಾಸ್. 1976ರ ಅವರ ಪ್ರಬಂಧದಲ್ಲಿ ಮೂರರಿಂದ ಐದು ವರ್ಷದ 30 ಮಕ್ಕಳು 21 ಮರದ ತುಂಡುಗಳಿಂದ ಪಿರಮಿಡ್ ಜೋಡಿಸಿದರು. ಮೂರರ ಮಕ್ಕಳನ್ನು ಆಟಕ್ಕೆ ಎಳೆದು ತರುವುದೇ ಕೆಲಸವಾಯಿತು. ನಾಲ್ಕರವರಿಗೆ ಬಾಯಿಮಾತಿನ ತಿದ್ದುವಿಕೆ ಸಾಕಾಯಿತು. ಐದರವರಿಗೆ ಬಹುಮಟ್ಟಿಗೆ ‘ಹೌದು, ಸರಿ’ ಎನ್ನುವ ಒಬ್ಬರಿದ್ದರೆ ಸಾಕಿತ್ತು.

ಈ ತತ್ವವನ್ನು ತರಗತಿಯ ನೆಲದ ಮೇಲೆ ಕಾಣಬೇಕಾದರೆ ನಮ್ಮ ಸರ್ಕಾರಿ ಶಾಲೆಯ ನಲಿಕಲಿ ಕೋಣೆಗೆ ಹೋಗಬೇಕು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿ 2009-10ರಲ್ಲಿ ರಾಜ್ಯದ ಕನ್ನಡ ಶಾಲೆಗಳಿಗೆ ಹಬ್ಬಿತು. ಮಗು ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲು ಹುಡುಕಿ, ಕಾರ್ಡ್ ತೆಗೆದುಕೊಂಡು ತನ್ನ ಗುಂಪಿಗೆ ಹೋಗಿ ಕೂರುತ್ತದೆ. ಗುಂಪುಗಳು ಐದು: ಶಿಕ್ಷಕರ ಪೂರ್ಣ ನೆರವು, ಅರೆ ನೆರವು, ಸಹಪಾಠಿಗಳ ನೆರವು, ಅವರದೂ ಅರೆ ನೆರವು, ಕಡೆಗೆ ಸ್ವಕಲಿಕೆ. ನೆರವು ಯಾವಾಗ ಸರಿಯಬೇಕು ಎನ್ನುವುದು ಇಲ್ಲಿ ಕೂರುವ ಜಾಗದಲ್ಲೇ ಇದೆ. ದುಬಾರಿ ಟ್ಯಾಬ್ಲೆಟ್ ಮಾರುವವರು ಇದನ್ನು ಮೊದಲು ನೋಡಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಏಕೆಂದರೆ ಕಂಪ್ಯೂಟರಿಗೆ ನೆರವು ಕೊಡುವುದು ಸುಲಭ, ಹಿಂತೆಗೆಯುವುದು ಕಷ್ಟ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಯಾನ್ ಬೇಕರ್ ಮತ್ತು ಸಂಗಡಿಗರು ಗಣಿತ ಕಲಿಸುವ ತಂತ್ರಾಂಶ ಬಳಸುತ್ತಿದ್ದ ಮಕ್ಕಳನ್ನು ಗಮನಿಸಿ 2004ರಲ್ಲಿ ವರದಿ ಮಾಡಿದರು. ಕೆಲವರು ಯೋಚಿಸುವುದನ್ನೇ ಬಿಟ್ಟು, ಉತ್ತರ ಬಯಲಾಗುವವರೆಗೆ ಸುಳಿವಿನ ಗುಂಡಿ ಒತ್ತುತ್ತಲೇ ಇದ್ದರು. ಹಾಗೆ ಮಾಡಿದವರು ಕಲಿತದ್ದು ಕಡಿಮೆ. ಮನೆಯಲ್ಲಿ ಫೋನಿನ ಮುಂದೆ ಲೆಕ್ಕ ಬಿಡಿಸುವ ಹತ್ತನೇ ತರಗತಿಯ ಮಗುವಿಗೂ ಈ ಮಾತು ಸಲ್ಲುತ್ತದೆ.

ತಂತ್ರಾಂಶ ಬೇಡವೆನ್ನುತ್ತಿಲ್ಲ. ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಶಿಕ್ಷಣ ಇಲಾಖೆಯೊಂದಿಗೆ ಸೇರಿ ಪ್ರೌಢಶಾಲಾ ಶಿಕ್ಷಕರಿಗೆ ಕಲಿಸಿದ ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶವನ್ನೇ ತೆಗೆದುಕೊಳ್ಳಿ. ಮೊದಲ ದಿನ ಸಿದ್ಧ ತ್ರಿಭುಜ ಕೊಡಿ. ಮಗು ಶೃಂಗವನ್ನು ಎಳೆದಾಡಲಿ, ಕೋನಗಳ ಮೊತ್ತ 180 ಡಿಗ್ರಿಯಲ್ಲೇ ನಿಲ್ಲುವುದನ್ನು ನೋಡಲಿ. ಮರುದಿನ ಮೊತ್ತವನ್ನು ಮರೆಮಾಡಿ, ಎಳೆಯುವ ಮೊದಲೇ ಊಹಿಸಲು ಹೇಳಿ. ಆಮೇಲೆ ಖಾಲಿ ಪರದೆ: ತ್ರಿಭುಜವನ್ನು ತಾನೇ ರಚಿಸಲಿ. ಒಂದು ಮಗು ತಡವರಿಸಿದರೆ ಅದಕ್ಕೆ ಮಾತ್ರ ಒಂದು ಹೆಜ್ಜೆ ಹಿಂದಕ್ಕೆ. ಈ ಏರಿಳಿತವನ್ನು ಮುಖ ನೋಡಿ ನಿರ್ಧರಿಸುವವರು ಶಿಕ್ಷಕರೇ.

ಆದರೆ ಎಷ್ಟು ಎಳೆದಾಡಿದರೂ ಪರದೆ ‘ಏಕೆ 180?’ ಎಂಬುದನ್ನು ಹೇಳದು. ಅದಕ್ಕೆ ಕಂಪ್ಯೂಟರ್ ಆರಿಸಿ, ಕಾಗದದ ಮೇಲೆ ಶೃಂಗದ ಮೂಲಕ ಪಾದಕ್ಕೊಂದು ಸಮಾಂತರ ರೇಖೆ ಎಳೆದು, ಪರ್ಯಾಯ ಕೋನಗಳನ್ನು ಮಗುವೇ ಗುರುತಿಸಬೇಕು.